ಒಳಗೆ ಗಾಳಿ ಮಾತ್ರ: ಎಕ್ಸ್‌ಟೆನ್ಷನ್ ಟ್ಯೂಬಿನ ಚರಿತ್ರೆ

ಕ್ಯಾಮೆರಾ ಅಂಗಡಿಯಲ್ಲಿ ಎರಡೂ ಕಡೆ ಬಾಯಿ ತೆರೆದ, ದಪ್ಪ ಬಳೆಯಂಥ ಒಂದು ಕಪ್ಪು ವಸ್ತು ಸಿಗುತ್ತದೆ. ಈ ಕಡೆಯಿಂದ ಬೆರಳು ತೂರಿಸಿದರೆ ಆ ಕಡೆಯಿಂದ ಹೊರಗೆ ಬರುತ್ತದೆ. ಗಾಜಿಲ್ಲ, ಮಸೂರವಿಲ್ಲ, ಒಳಗೆ ಇರುವುದು ಗಾಳಿ ಮಾತ್ರ. ಆದರೂ ಇದನ್ನು ಕ್ಯಾಮೆರಾಕ್ಕೂ ಅದರ ಲೆನ್ಸಿಗೂ ನಡುವೆ ಸೇರಿಸಿದರೆ, ನಿನ್ನೆಯವರೆಗೆ ಹುಟ್ಟುಹಬ್ಬದ ಫೋಟೊ ತೆಗೆಯುತ್ತಿದ್ದ ಅದೇ ಕ್ಯಾಮೆರಾ ಇವತ್ತು ಜೇನುನೊಣದ ಕಾಲಿಗೆ ಅಂಟಿದ ಪರಾಗವನ್ನು ತೋರಿಸುತ್ತದೆ. ಇದರ ಹೆಸರು ಎಕ್ಸ್‌ಟೆನ್ಷನ್ ಟ್ಯೂಬ್.

ಹುಳುಹುಪ್ಪಟೆಗಳ ಹುಚ್ಚು ಹಿಡಿದ ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಮ್ಯಾಕ್ರೊ ಲೆನ್ಸಿನ ಮಾತು ಬಂದೇ ಬರುತ್ತದೆ. ಬೆಲೆ ನೋಡಿದ ಅಪ್ಪ ಅಮ್ಮ ಹೌಹಾರುತ್ತಾರೆ. ಆಮೇಲೆ ಯಾರೋ ಈ ಟ್ಯೂಬಿನ ವಿಚಾರ ಹೇಳುತ್ತಾರೆ. ಹುಡುಕಲು ಕುಳಿತರೆ ಇನ್ನೊಂದು ಗೊಂದಲ. ಒಂದೇ ಕ್ಯಾಮೆರಾಕ್ಕೆ ಹಲವು ಬಗೆಯ ಟ್ಯೂಬುಗಳಿವೆ, ಒಂದರ ಬೆಲೆಯಲ್ಲಿ ಇನ್ನೊಂದು ಬಗೆಯದು ಹತ್ತು ಬರಬಹುದು. ಎಲ್ಲದರೊಳಗೂ ಅದೇ ಗಾಳಿ ಇರುವಾಗ ಇಷ್ಟೊಂದು ವ್ಯತ್ಯಾಸ ಯಾತಕ್ಕೆ? ಅಂಗಡಿಯ ವಿವರಣೆ ಓದಿದರೆ ಇದಕ್ಕೆ ಉತ್ತರ ಸಿಗುವುದು ಕಷ್ಟ. ಟ್ಯೂಬು ಹೇಗೆ ಹುಟ್ಟಿತು, ಅದಕ್ಕೆ ಯಾವಾಗ ಏನು ಸೇರಿಕೊಂಡಿತು ಎನ್ನುವುದು ಗೊತ್ತಾದರೆ ಉತ್ತರ ತಾನಾಗಿಯೇ ಸಿಗುತ್ತದೆ. ಹಾಗಾಗಿ ಈ ತಿಂಗಳು ಆ ಕಥೆ.

ಮೊದಲು ಮಕ್ಕಳು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ರಾತ್ರಿ ಕೋಣೆಯ ಒಂದು ತುದಿಯಲ್ಲಿ ಮೇಜಿನ ದೀಪ ಹಚ್ಚಿ, ಇನ್ನೊಂದು ತುದಿಯ ಗೋಡೆಯ ಹತ್ತಿರ ಭೂತಗನ್ನಡಿ ಹಿಡಿಯಿರಿ. (ಸೂರ್ಯನ ಬೆಳಕಿನಲ್ಲಿ ಮಾತ್ರ ಈ ಆಟ ಬೇಡ.) ಗೋಡೆಯಿಂದ ಸ್ವಲ್ಪ ದೂರಕ್ಕೆ ತಂದಾಗ ದೀಪದ ಪುಟ್ಟ ಚಿತ್ರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಈಗ ತಂಗಿಯೋ ತಮ್ಮನೋ ಆ ದೀಪವನ್ನು ನಿಧಾನವಾಗಿ ನಿಮ್ಮ ಹತ್ತಿರ ತರಲಿ. ಚಿತ್ರ ಮಸುಕಾಗುತ್ತದೆ. ಅದನ್ನು ಮತ್ತೆ ಸ್ಪಷ್ಟ ಮಾಡಬೇಕೆಂದರೆ ಭೂತಗನ್ನಡಿಯನ್ನು ಗೋಡೆಯಿಂದ ಇನ್ನಷ್ಟು ದೂರ ಸರಿಸಬೇಕು. ಹಾಗೆ ಸರಿಸಿದಾಗ ಚಿತ್ರ ದೊಡ್ಡದೂ ಆಗಿರುತ್ತದೆ. ವಸ್ತು ಹತ್ತಿರ ಬಂದಷ್ಟೂ ಮಸೂರ ಗೋಡೆಯಿಂದ ದೂರ ಹೋಗಬೇಕು. ಸಮೀಪಚಿತ್ರದ ಗುಟ್ಟೆಲ್ಲ ಇಷ್ಟೇ. ಕ್ಯಾಮೆರಾದಲ್ಲಿ ಗೋಡೆಯ ಜಾಗದಲ್ಲಿ ಫಿಲ್ಮೋ ಸೆನ್ಸರೋ ಇರುತ್ತದೆ. ಲೆನ್ಸನ್ನು ಅದರಿಂದ ದೂರ ಹಿಡಿಯಲು ಏನಾದರೂ ಬೇಕು. ಆ ‘ಏನಾದರೂ’ ಕಾಲಕಾಲಕ್ಕೆ ಬದಲಾದದ್ದೇ ನಮ್ಮ ಕಥೆ.

ಫ್ರಾನ್ಸಿನ ಡಾಗೇರ್ ಕಂಡುಹಿಡಿದ ಫೋಟೊಗ್ರಫಿಯ ವಿಧಾನ ಲೋಕಕ್ಕೆಲ್ಲ ಬಹಿರಂಗವಾದದ್ದು 1839ರ ಆಗಸ್ಟಿನಲ್ಲಿ. ಅದೇ ವರ್ಷ ಅದೇ ದೇಶದ ಬ್ಯಾರನ್ ಸೆಗ್ಯೆ ಎಂಬಾತ ಕ್ಯಾಮೆರಾದ ಪೆಟ್ಟಿಗೆಗೆ ತಿದಿಯನ್ನು ಜೋಡಿಸಿದ. ತಿದಿ ಎಂದರೆ ನಮ್ಮ ಕಮ್ಮಾರರು ಕುಲುಮೆಗೆ ಗಾಳಿ ಊದಲು ಬಳಸುವ ಸಾಧನ. ಹಾರ್ಮೋನಿಯಂನ ಹಿಂದೆ ಮಡಿಕೆ ಮಡಿಕೆಯಾಗಿ ತೆರೆದು ಮುಚ್ಚುವುದೂ ಅದೇ. ಕ್ಯಾಮೆರಾದ ತಿದಿ ಗಾಳಿ ಊದುವುದಿಲ್ಲ. ಬೆಳಕು ಒಳಗೆ ನುಗ್ಗದಂತೆ ತಡೆಯುತ್ತಾ ಲೆನ್ಸನ್ನು ಹಿಂದೆ ಮುಂದೆ ಓಡಾಡಿಸುತ್ತದೆ. ಆ ಕಾಲದ ಫೋಟೊಗ್ರಾಫರಿಗೆ ಹತ್ತಿರದ ವಸ್ತುವಿನ ಚಿತ್ರ ಬೇಕಾದರೆ ಬೇರೆ ಸಾಮಾನು ಕೊಳ್ಳಬೇಕಿರಲಿಲ್ಲ, ತಿದಿಯನ್ನು ಎಳೆದರೆ ಸಾಕಾಗುತ್ತಿತ್ತು. ಸುಮಾರು ಅದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಟ್ಯಾಲ್ಬಟ್ ಸೂರ್ಯನ ಬೆಳಕಿನಿಂದ ಕೆಲಸ ಮಾಡುವ ಸೂಕ್ಷ್ಮದರ್ಶಕದ ಸಹಾಯದಿಂದ ಕೀಟದ ರೆಕ್ಕೆಗಳ ಚಿತ್ರ ತೆಗೆದ. ಅಂದರೆ ಫೋಟೊಗ್ರಫಿ ಅಂಬೆಗಾಲಿಡುತ್ತಿದ್ದಾಗಲೇ ಅದರ ಕಣ್ಣು ಹುಳುವಿನ ಮೇಲೆ ಬಿದ್ದಿತ್ತು.

ತಿದಿಯ ಕಾಲದ ಇಬ್ಬರನ್ನು ಮಕ್ಕಳು ತಿಳಿದಿರಬೇಕು. ಇಬ್ಬರೂ ಹುಟ್ಟಿದ್ದು 1865ರಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ದೇಶಗಳಲ್ಲಿ.

ಒಬ್ಬ ವಿಲ್ಸನ್ ಬೆಂಟ್ಲಿ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ರೈತರ ಮಗ. ಹದಿನೈದರ ವಯಸ್ಸಿನಲ್ಲಿ ಅಮ್ಮ ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳುಗಳನ್ನು ನೋಡಿ ಮರುಳಾದ. ನೋಡಿದ್ದನ್ನು ಕಾಗದದ ಮೇಲೆ ಬರೆಯಲು ಕುಳಿತರೆ ಚಿತ್ರ ಮುಗಿಯುವುದರೊಳಗೆ ಹರಳು ಕರಗಿಹೋಗುತ್ತಿತ್ತು. ತಿದಿ ಇರುವ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರೆ ಹೇಗೆ ಎಂಬ ಯೋಚನೆ ಬಂತು. ಸಾಧಾರಣ ರೈತನಾದ ಅಪ್ಪ ಗೊಣಗಿಕೊಂಡೇ ದುಡ್ಡು ಕೊಟ್ಟನಂತೆ. ಬಿಸಿ ಮಾಡದ, ಹೊರಗಿನಷ್ಟೇ ತಣ್ಣಗಿರುವ ಶೆಡ್ಡಿನಲ್ಲಿ ಹಲವು ಸಲ ಸೋತು, 1885ರ ಜನವರಿ 15ರಂದು ಒಂದೇ ಒಂದು ಹಿಮದ ಹರಳಿನ ಚಿತ್ರವನ್ನು ಹಿಡಿದ. ಆಗ ಅವನಿಗೆ 19 ವರ್ಷ.

ಅವನಿಗೆ ಎದುರಾದ ಒಂದು ತೊಂದರೆ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಚಿತ್ರ ದೊಡ್ಡದಾಗಲೆಂದು ತಿದಿಯನ್ನು ಎಳೆದಷ್ಟೂ ಕ್ಯಾಮೆರಾ ಉದ್ದವಾಗುತ್ತದೆ. ಹಿಂದಿನ ಗಾಜಿನ ಮೇಲೆ ಚಿತ್ರ ನೋಡುತ್ತಾ ನಿಂತವನ ಕೈ ಮುಂದಿನ ಸೂಕ್ಷ್ಮದರ್ಶಕದ ತಿರುಪಿಗೆ ಎಟುಕುವುದಿಲ್ಲ. ಬೆಂಟ್ಲಿ ಗಾಲಿ ಮತ್ತು ದಾರಗಳನ್ನು ಕಟ್ಟಿ, ನಿಂತಲ್ಲಿಂದಲೇ ಫೋಕಸ್ ಮಾಡುವ ಏರ್ಪಾಡು ಮಾಡಿಕೊಂಡ. ನಮ್ಮೂರ ಬಾವಿಯ ರಾಟೆಯ ತತ್ವವೇ. ಹೆಚ್ಚುಕಡಿಮೆ ಅದೇ ಉಪಕರಣದಲ್ಲಿ ಬದುಕಿನುದ್ದಕ್ಕೂ 5000ಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದ. ಅವುಗಳಲ್ಲಿ 2400ಕ್ಕೂ ಹೆಚ್ಚು ಚಿತ್ರಗಳಿರುವ ‘ಸ್ನೋ ಕ್ರಿಸ್ಟಲ್ಸ್’ ಎಂಬ ಪುಸ್ತಕ 1931ರಲ್ಲಿ ಹೊರಬಂತು. ಆ ಡಿಸೆಂಬರಿನಲ್ಲೇ ಬೆಂಟ್ಲಿ ತೀರಿಕೊಂಡ.

ಇನ್ನೊಬ್ಬರು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಬರ್ಲಿನ್ನಿನ ಕಲಾಶಾಲೆಯಲ್ಲಿ ಮೇಷ್ಟ್ರು. ಗಿಡಗಳ ಆಕಾರ ನೋಡಿ ವಿನ್ಯಾಸ ಬರೆಯುವುದನ್ನು ಕಲಿಸುತ್ತಿದ್ದರು. ಆದರೆ ಒಂದು ಮೊಗ್ಗನ್ನು ಹಿಡಿದು ತೋರಿಸಿದರೆ ಹಿಂದಿನ ಬೆಂಚಿನವರಿಗೆ ಏನು ಕಂಡೀತು? ಅದಕ್ಕಾಗಿ ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಜರೀಗಿಡದ ಸುರುಳಿ ಚಿಗುರು, ಬೀಜಕೋಶ, ಮುಳ್ಳು, ಬಳ್ಳಿಯ ಕುಡಿ, ಎಲ್ಲವನ್ನೂ ಹಲವು ಪಟ್ಟು ಹಿಗ್ಗಿಸಿ ಚಿತ್ರ ತೆಗೆದರು. ಸುಮಾರು 30 ವರ್ಷ ಅವು ಪಾಠದ ಸಾಮಗ್ರಿಯಾಗಿಯೇ ಇದ್ದವು. 1928ರಲ್ಲಿ ‘ಉರ್‌ಫಾರ್ಮೆನ್ ಡೆರ್ ಕುನ್ಸ್ಟ್’ ಎಂಬ ಪುಸ್ತಕವಾಗಿ ಬಂದಾಗ ಅರುವತ್ತು ದಾಟಿದ್ದ ಮೇಷ್ಟ್ರು ಒಮ್ಮೆಲೇ ಹೆಸರುವಾಸಿಯಾದರು. ಇಂಟರ್ನೆಟ್ಟಿನಲ್ಲಿ ಆ ಚಿತ್ರಗಳು ಸುಲಭವಾಗಿ ಸಿಗುತ್ತವೆ. ಮಕ್ಕಳ ಜೊತೆ ಕುಳಿತು ನೋಡಿ. ಕಬ್ಬಿಣದ ಕುಸುರಿ ಕೆಲಸವೋ ಗಿಡವೋ ಎಂದು ಅನುಮಾನ ಬರುವಂತಿವೆ.

ಇಷ್ಟು ಹೊತ್ತು ಟ್ಯೂಬಿನ ಸುದ್ದಿಯೇ ಬರಲಿಲ್ಲ, ಏಕೆಂದರೆ ಬೇಕಾಗಿರಲಿಲ್ಲ. ಅದು ಬೇಕಾದದ್ದು ಕ್ಯಾಮೆರಾ ಚಿಕ್ಕದಾದ ಮೇಲೆ.

1925ರಲ್ಲಿ ಜರ್ಮನಿಯ ಲೈಟ್ಸ್ ಕಂಪನಿ ಲೈಕಾ ಎಂಬ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. 35 ಮಿಲಿಮೀಟರ್ ಅಗಲದ ಸಿನಿಮಾ ಫಿಲ್ಮು, ಕೋಟಿನ ಜೇಬಿಗೆ ಹಿಡಿಸುವ ಮೈ. ಅದು ತಿದಿಯನ್ನು ಬಿಟ್ಟುಕೊಟ್ಟಿತ್ತು. ಅದರ ಬದಲು ಲೆನ್ಸಿನ ಸುತ್ತ ತಿರುಪಿನ ಬಳೆ ಬಂತು. ಅದನ್ನು ತಿರುಗಿಸಿದರೆ ಲೆನ್ಸು ಮುಂದೆ ಬರುತ್ತದೆ, ಆದರೆ ಕೆಲವೇ ಮಿಲಿಮೀಟರ್. 50 ಮಿಲಿಮೀಟರಿನ ಸಾಧಾರಣ ಲೆನ್ಸು ಪೂರ್ತಿ ತಿರುಗಿಸಿದರೂ 7–8 ಮಿಲಿಮೀಟರಿಗಿಂತ ಹೆಚ್ಚು ಮುಂದೆ ಬರುವುದಿಲ್ಲ. ಮನುಷ್ಯರ ಮುಖಕ್ಕೆ ಅಷ್ಟು ಸಾಕು, ಮಿಡತೆಯ ಮುಖಕ್ಕೆ ಸಾಲದು. ಕಳೆದುಕೊಂಡ ತಿದಿಯನ್ನು ಬೇಕಾದಾಗ ಮಾತ್ರ ಮರಳಿ ಪಡೆಯುವ ಉಪಾಯವಾಗಿ ಲೆನ್ಸಿನ ಹಿಂದೆ ಬಳೆಗಳು, ಕೊಳವೆಗಳು ಸೇರಿಕೊಂಡವು.

ಅಲ್ಲೊಂದು ತೊಡಕಿತ್ತು. ಲೈಕಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ತೆಗೆಯುವ ಲೆನ್ಸು ಬೇರೆ. ದೂರದ ದೃಶ್ಯಕ್ಕೆ ಎರಡೂ ಒಂದೇ. ಹತ್ತಿರ ಹೋದಾಗ ಕಿಂಡಿಯಲ್ಲಿ ಚಿಟ್ಟೆ ಕಂಡರೆ ಫಿಲ್ಮಿನಲ್ಲಿ ಚಿಟ್ಟೆ ಕೂತ ಎಲೆಯ ತುದಿ ಮಾತ್ರ! ಕ್ಯಾಮೆರಾಕ್ಕೆ ಅಳತೆ ಮಾಡಿದ ನಾಲ್ಕು ಕಾಲು ಜೋಡಿಸಿ, ಕಾಲುಗಳ ನಡುವೆ ಇರುವುದಷ್ಟೇ ಚಿತ್ರದಲ್ಲಿ ಬರುತ್ತದೆ ಎಂಬ ಲೆಕ್ಕದ ಸಾಧನಗಳನ್ನೂ ಲೈಟ್ಸ್ ಮಾರಿತು. ಹಾಳೆಯ ಮೇಲೆ ಊರಿ ಪುಸ್ತಕದ ಪುಟ ತೆಗೆಯಲು ಅದು ಸರಿ. ಚಿಟ್ಟೆ ನಾಲ್ಕು ಕಾಲಿನ ಮಧ್ಯೆ ಬಂದು ಕೂರಬೇಕಲ್ಲ.

ತೊಡಕನ್ನು ಬಿಡಿಸಿದ್ದು ಡ್ರೆಸ್ಡೆನ್ ನಗರ. ಅಲ್ಲಿನ ಇಹಾಗೀ ಎಂಬ ಕಾರ್ಖಾನೆಯಲ್ಲಿ ಕಾರ್ಲ್ ನ್ಯುಖ್ಟರ್‌ಲೈನ್ ಎಂಬ ಎಂಜಿನಿಯರ್ ರೂಪಿಸಿದ ಕೀನೆ ಎಕ್ಸಾಕ್ಟಾ 1936ರಲ್ಲಿ ಬಂತು. ಅದರೊಳಗೊಂದು ಓರೆಗನ್ನಡಿ. ಲೆನ್ಸಿನೊಳಗಿಂದ ಬಂದ ಬೆಳಕನ್ನೇ ಮೇಲಕ್ಕೆ ತಿರುಗಿಸಿ ತೋರಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಪಕ್ಕಕ್ಕೆ ಸರಿದು ಫಿಲ್ಮಿಗೆ ದಾರಿ ಬಿಡುತ್ತದೆ. ಲೆನ್ಸಿನ ಹಿಂದೆ ಎಷ್ಟೇ ಉದ್ದದ ಕೊಳವೆ ಸೇರಿಸಿದರೂ ಕಂಡದ್ದೇ ಚಿತ್ರ. ಇಹಾಗೀ ಒಂದರ ಮೇಲೊಂದು ಜೋಡಿಸಬಹುದಾದ ಟ್ಯೂಬುಗಳು, ತಿದಿ, ಸೂಕ್ಷ್ಮದರ್ಶಕಕ್ಕೆ ಸೇರಿಸುವ ಭಾಗಗಳು ಎಲ್ಲವನ್ನೂ ಮಾಡಿ ಮಾರಿತು. ವೈದ್ಯರು, ಸಸ್ಯಶಾಸ್ತ್ರಜ್ಞರು ಎಕ್ಸಾಕ್ಟಾವನ್ನು ಮೆಚ್ಚಿದ್ದು ಇದಕ್ಕಾಗಿ. ಹಿಚ್‌ಕಾಕ್ ಅವರ 1954ರ ‘ರಿಯರ್ ವಿಂಡೋ’ ಸಿನಿಮಾ ನೋಡಿದ ಹಿರಿಯರಿಗೆ ಕಾಲು ಮುರಿದುಕೊಂಡು ಕಿಟಕಿಯಿಂದ ಇಣುಕುವ ನಾಯಕನ ಕೈಯಲ್ಲಿದ್ದ ಕ್ಯಾಮೆರಾ ನೆನಪಿರಬಹುದು. ಅದು ಎಕ್ಸಾಕ್ಟಾ.

ಯುದ್ಧ ಮುಗಿದ ಮೇಲೆ, 1949ರಲ್ಲಿ, ಅದೇ ಡ್ರೆಸ್ಡೆನ್ನಿನಿಂದ ಕಾಂಟ್ಯಾಕ್ಸ್ ಎಸ್ ಎಂಬ ಕ್ಯಾಮೆರಾ ಬಂತು. ನಮ್ಮ ಜೇಬಿನ ದೃಷ್ಟಿಯಿಂದ ನೋಡಿದರೆ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದರ ಲೆನ್ಸನ್ನು ಕೂರಿಸುತ್ತಿದ್ದುದು ಬಾಟಲಿಗೆ ಮುಚ್ಚಳ ತಿರುಗಿಸಿದ ಹಾಗೆ, ಸಾದಾ ತಿರುಪಿನಿಂದ. ವ್ಯಾಸ 42 ಮಿಲಿಮೀಟರ್, ಒಂದು ಸುತ್ತಿಗೆ 1 ಮಿಲಿಮೀಟರ್ ಒಳಕ್ಕೆ. ಎಂ 42 ಎಂದು ಹೆಸರಾದದ್ದು ಇದೇ. ಪ್ರಾಕ್ಟಿಕಾ, ಪೆಂಟ್ಯಾಕ್ಸ್, ಯಾಶಿಕಾ, ಸೋವಿಯತ್ ದೇಶದ ಜೆನಿತ್ ಹೀಗೆ ಹತ್ತಾರು ಹೆಸರಿನ ಕ್ಯಾಮೆರಾಗಳು ಇದನ್ನೇ ಹಿಡಿದವು. ತಿರುಪಿನ ಬಳೆಯೊಂದನ್ನು ಲೇತ್ ಯಂತ್ರವಿರುವ ಯಾವ ಕಾರ್ಖಾನೆಯಾದರೂ ಕಡೆಯಬಹುದು. ಹೀಗೆ ಟ್ಯೂಬು ನಿಜವಾಗಿ ಅಗ್ಗವಾಯಿತು.

ಆ ಎಂ 42 ಟ್ಯೂಬುಗಳ ಒಂದು ಸಾಮಾನ್ಯ ಸೆಟ್ಟಿನಲ್ಲಿ ಮೂರು ಬಳೆಗಳು: 7, 14, 28 ಮಿಲಿಮೀಟರ್. ಮಕ್ಕಳೇ, ಈ ಮೂರೇ ಸಂಖ್ಯೆ ಏಕೆ ಎಂದು ಒಂದು ನಿಮಿಷ ಯೋಚಿಸಿ. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಬೇಕಾದ ಹಾಗೆ ಕೂಡಿಸಿದರೆ 7, 14, 21, 28, 35, 42, 49 ಎಂದು ಏಳರ ಮಗ್ಗಿ ಏಳರವರೆಗೆ ಪೂರ್ತಿ ಸಿಗುತ್ತದೆ, ನಡುವೆ ಒಂದೂ ಬಿಟ್ಟುಹೋಗುವುದಿಲ್ಲ. ತಕ್ಕಡಿಯ ತೂಕದ ಬಟ್ಟುಗಳಲ್ಲಿ ಅಡಗಿರುವ ಜಾಣತನವೇ ಇಲ್ಲೂ ಇದೆ. ಕೊನೆಯ 49ಕ್ಕೂ ಅರ್ಥವಿದೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ, ಎಂದರೆ ಅಂಗಡಿಯವರು ಫೋಕಲ್ ಲೆಂಗ್ತ್ ಎನ್ನುವುದರಿಂದ, ಭಾಗಿಸಿ. 50 ಮಿಲಿಮೀಟರ್ ಲೆನ್ಸಿಗೆ 25 ಮಿಲಿಮೀಟರ್ ಟ್ಯೂಬು ಹಾಕಿದರೆ ಅರ್ಧ: 2 ಸೆಂಟಿಮೀಟರ್ ಉದ್ದದ ಮಿಡತೆ ಫಿಲ್ಮಿನ ಮೇಲೆ 1 ಸೆಂಟಿಮೀಟರ್ ಆಗುತ್ತದೆ. 50ಕ್ಕೆ 50 ಹಾಕಿದರೆ ಒಂದಕ್ಕೊಂದು: ಮಿಡತೆ ಇದ್ದಷ್ಟೇ ದೊಡ್ಡದಾಗಿ ಫಿಲ್ಮಿನ ಮೇಲೆ. ಆ ಕಾಲದ ಕ್ಯಾಮೆರಾಗಳ ಜೊತೆಗೆ ಬರುತ್ತಿದ್ದುದು ಬಹುಮಟ್ಟಿಗೆ 50ರ ಆಸುಪಾಸಿನ ಲೆನ್ಸು. ಸೆಟ್ಟಿನ ಮೊತ್ತ 49 ಆದದ್ದು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಇದೇ ಭಾಗಾಕಾರ ಕೊಳ್ಳುವಾಗಲೂ ಕೆಲಸಕ್ಕೆ ಬರುತ್ತದೆ. 200 ಮಿಲಿಮೀಟರ್ ಲೆನ್ಸಿಗೆ 25ರ ಟ್ಯೂಬು ಹಾಕಿದರೆ ಸಿಗುವುದು ಎಂಟನೇ ಒಂದು ಭಾಗ, ಅಷ್ಟಕ್ಕಾಗಿ ದುಡ್ಡು ಕೊಡಬೇಕಿಲ್ಲ. ತದ್ವಿರುದ್ಧವಾಗಿ 18 ಮಿಲಿಮೀಟರ್ ಲೆನ್ಸಿಗೆ ಅದೇ ಟ್ಯೂಬು ಹಾಕಿದರೆ ಹುಳು ಲೆನ್ಸಿನ ಗಾಜಿಗೆ ತಾಗಿದರೂ ಫೋಕಸ್ ಆಗುವುದಿಲ್ಲ. ಕ್ಯಾಮೆರಾದ ಜೊತೆ ಸಾಮಾನ್ಯವಾಗಿ ಸಿಗುವ 18–55ರ ಜೂಮ್ ಲೆನ್ಸು ಇರುವವರು ಅದನ್ನು 55ರ ತುದಿಯಲ್ಲಿ ಇಟ್ಟುಕೊಳ್ಳಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಸಿಗುವ 10 ಮತ್ತು 16 ಮಿಲಿಮೀಟರಿನ ಜೋಡಿಯನ್ನು ಒಟ್ಟು ಸೇರಿಸಿದರೆ ಹತ್ತಿರಹತ್ತಿರ ಅರ್ಧದಷ್ಟು ಗಾತ್ರ ಸಿಗುತ್ತದೆ, ಮಕ್ಕಳಿಗೆ ಶುರುಮಾಡಲು ಧಾರಾಳವಾಯಿತು.

ಟ್ಯೂಬು ಅಗ್ಗವಾದ ಅದೇ ಹತ್ತು ವರ್ಷಗಳಲ್ಲಿ ಅದರ ಪ್ರತಿಸ್ಪರ್ಧಿಯೂ ಹುಟ್ಟಿತು. ಹೈಂಜ್ ಕಿಲ್ಫಿಟ್ ಅವರ ಕಂಪನಿ 1955ರಲ್ಲಿ 40 ಮಿಲಿಮೀಟರಿನ ಮಾಕ್ರೊ-ಕಿಲಾರ್ ಎಂಬ ಲೆನ್ಸನ್ನು ತಂದಿತು. ಟ್ಯೂಬಿನ ಹಂಗಿಲ್ಲದೆ ತಾನೇ ಉದ್ದಕ್ಕೆ ಮುಂದೆ ಚಾಚಿಕೊಳ್ಳುವ, 35 ಮಿಲಿಮೀಟರ್ ಕ್ಯಾಮೆರಾಗಳ ಮೊದಲ ಮ್ಯಾಕ್ರೊ ಲೆನ್ಸ್ ಅದು. (‘ರಿಯರ್ ವಿಂಡೋ’ದ ಆ ಎಕ್ಸಾಕ್ಟಾಕ್ಕೆ ಹಾಕಿದ್ದ ಉದ್ದನೆಯ ಲೆನ್ಸೂ ಕಿಲ್ಫಿಟ್ಟರದೇ.) ಮರುವರ್ಷ ಜಪಾನಿನ ನಿಕಾನ್ ಕಂಪನಿ ಮೈಕ್ರೊ-ನಿಕ್ಕೋರ್ ತಂದಿತು. ಅದರ ಹುಟ್ಟಿನ ಕಾರಣ ಕನ್ನಡ ಶಾಲೆಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಪುಸ್ತಕ, ದಾಖಲೆಗಳನ್ನು ಪುಟ್ಟ ಫಿಲ್ಮಿನ ಮೇಲೆ ಇಳಿಸಿ ಕಾಪಿಡುವ ಮೈಕ್ರೊಫಿಲ್ಮಿನ ಕಾಲ ಅದು. ಪಶ್ಚಿಮದ ದೇಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗಿದ್ದ ಲೆನ್ಸು ಜಪಾನಿನಲ್ಲಿ ಸಾಲದಾಯಿತು. ಅಲ್ಲಿನ ಕಾಂಜಿ ಲಿಪಿಯ ಒಂದೊಂದು ಅಕ್ಷರದಲ್ಲೂ ಹತ್ತಿಪ್ಪತ್ತು ಗೆರೆಗಳು. ಲೆನ್ಸು ತುಸು ಮಂಕಾದರೂ ಗೆರೆಗಳು ಕಲೆಸಿಹೋಗಿ ಅಕ್ಷರ ಬರೀ ಮಸಿಯ ಚುಕ್ಕೆ. ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೊಆನಾ ಅವರ ಒತ್ತಾಸೆಯಿಂದ ನಿಕಾನಿನ ವಿನ್ಯಾಸಕಾರ ಜೆಂಜಿ ವಾಕಿಮೊಟೊ ಹತ್ತಿರದ ದೂರಕ್ಕೆಂದೇ ಲೆಕ್ಕ ಹಾಕಿದ ಲೆನ್ಸನ್ನು ರೂಪಿಸಿದರು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಬರೆದು ಬೆರಳು ನೋಯಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ಯೂಬು ಏನು ಮಾಡಲಾರದು ಎನ್ನುವುದೂ ಇದರಿಂದ ತಿಳಿಯುತ್ತದೆ. ಸಾಧಾರಣ ಲೆನ್ಸನ್ನು ದೂರದ ದೃಶ್ಯಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಟ್ಯೂಬು ಅದನ್ನು ಹತ್ತಿರಕ್ಕೆ ಒಯ್ಯುತ್ತದೆಯೇ ಹೊರತು ಅದರ ಗಾಜನ್ನು ತಿದ್ದುವುದಿಲ್ಲ, ಚಿತ್ರದ ಮೂಲೆಗಳು ಸ್ವಲ್ಪ ಮೆತ್ತಗಾಗುತ್ತವೆ. ಪುಸ್ತಕದ ಪುಟ, ಅಂಚೆಚೀಟಿ ತೆಗೆಯುವವರಿಗೆ ಅದು ಕೊರತೆ. ಹುಳುವಿನ ಚಿತ್ರದಲ್ಲಿ ಮೂಲೆಯಲ್ಲಿ ಇರುವುದು ಹಸಿರು ಮಸುಕು ತಾನೆ, ಯಾರೂ ಗಮನಿಸುವುದಿಲ್ಲ. ಇನ್ನೊಂದು ತಮಾಷೆ ನೋಡಿ: ಮುಂದೆ ಬಂದ 55 ಮಿಲಿಮೀಟರಿನ ಮೈಕ್ರೊ-ನಿಕ್ಕೋರ್‌ಗಳು ಕೂಡ ತಾವಾಗಿ ತಲುಪುತ್ತಿದ್ದುದು ಅರ್ಧ ಗಾತ್ರಕ್ಕೆ ಮಾತ್ರ. ಪೂರ್ತಿ ಗಾತ್ರ ಬೇಕೆಂದರೆ ನಿಕಾನ್ ತಾನೇ ಒಂದು ಟ್ಯೂಬು ಮಾರುತ್ತಿತ್ತು. ಪಿಕೆ-13 ಎಂಬ ಆ ಟ್ಯೂಬಿನ ಉದ್ದ 27.5 ಮಿಲಿಮೀಟರ್. 55ರ ಅರ್ಧ ಎಷ್ಟು ಎಂದು ನೀವೇ ಹೇಳಿ.

ಇನ್ನು ಬೆಲೆಯ ಪ್ರಶ್ನೆಗೆ ಬರೋಣ. ಲೆನ್ಸಿನ ಒಳಗೆ ಬೆಳಕಿನ ಪ್ರಮಾಣ ನಿಯಂತ್ರಿಸುವ ಒಂದು ಕಂಡಿ ಇದೆ. ನಮ್ಮ ಕಣ್ಣಿನ ಪಾಪೆಯ ಹಾಗೆ ಹಿಗ್ಗಿ ಕುಗ್ಗುತ್ತದೆ. ಅಪರ್ಚರ್ ಅನ್ನುತ್ತಾರೆ. ಎಕ್ಸಾಕ್ಟಾದ ಆರಂಭದ ದಿನಗಳಲ್ಲಿ ಅದನ್ನು ಲೆನ್ಸಿನ ಮೇಲಿನ ಬಳೆ ಹಿಡಿದು ಕೈಯಿಂದಲೇ ತಿರುಗಿಸುತ್ತಿದ್ದರು. ಅಂಥ ಲೆನ್ಸಿಗೆ ಹಿಂದೆ ಕ್ಯಾಮೆರಾ ಇದೆಯೋ ಟ್ಯೂಬು ಇದೆಯೋ ಎಂಬುದರ ಪರಿವೆಯೇ ಇಲ್ಲ. 1950, 60ರ ದಶಕಗಳಲ್ಲಿ ಕ್ಯಾಮೆರಾವೇ ಒಂದು ಕಡ್ಡಿಯಿಂದ ತಳ್ಳಿ, ಕ್ಲಿಕ್ಕಿಸುವ ಕ್ಷಣದಲ್ಲಿ ಮಾತ್ರ ಕಂಡಿಯನ್ನು ಕಿರಿದು ಮಾಡುವ ಏರ್ಪಾಡು ಬಂತು. ನೋಡುವಾಗ ಬೆಳಕು ಹೆಚ್ಚು, ತೆಗೆಯುವಾಗ ಬೇಕಾದಷ್ಟು, ದೊಡ್ಡ ಅನುಕೂಲ. ಆದರೆ ನಡುವೆ ಟ್ಯೂಬು ಬಂದರೆ ಕಡ್ಡಿ ಎಟುಕುವುದಿಲ್ಲ. ಆಗ ಟ್ಯೂಬಿನೊಳಗೂ ಒಂದು ಕಡ್ಡಿ ಕೂರಿಸಬೇಕಾಯಿತು. ಖಾಲಿ ಬಳೆ ಯಂತ್ರವಾಯಿತು, ಬೆಲೆ ಏರಿತು.

1987ರಲ್ಲಿ ಕ್ಯಾನನ್ ಕಂಪನಿ ಇಒಎಸ್ 650 ಕ್ಯಾಮೆರಾದೊಂದಿಗೆ ಕಡ್ಡಿ, ಸನ್ನೆಗಳನ್ನೆಲ್ಲ ತೆಗೆದುಹಾಕಿತು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಉಳಿದದ್ದು ಚಿನ್ನದ ಬಣ್ಣದ ಪುಟ್ಟ ವಿದ್ಯುತ್ ಬಿಂದುಗಳು ಮಾತ್ರ. ಫೋಕಸ್ ಮಾಡುವುದು, ಕಂಡಿ ಕಿರಿದು ಮಾಡುವುದು ಎಲ್ಲವೂ ಲೆನ್ಸಿನೊಳಗಿನ ಮೋಟಾರಿನ ಕೆಲಸ. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳೆಲ್ಲ ಇದೇ ದಾರಿಯಲ್ಲಿವೆ. ಹಾಗಾಗಿ ಈಗಿನ ಟ್ಯೂಬಿನಲ್ಲಿ ನೀವು ದುಡ್ಡು ಕೊಡುವುದು ಗಾಳಿಗಲ್ಲ, ಈ ಕಡೆಯ ಬಿಂದುಗಳಿಂದ ಆ ಕಡೆಯ ಬಿಂದುಗಳಿಗೆ ಹೋಗುವ ಕೆಲವು ತಂತಿಗಳಿಗೆ.

ತಂತಿ ಇಲ್ಲದ ತೀರಾ ಅಗ್ಗದ ಟ್ಯೂಬು ಕೊಂಡರೆ ಏನಾಗುತ್ತದೆ ಎನ್ನುವುದು ನಿಮ್ಮ ಲೆನ್ಸು ಚರಿತ್ರೆಯ ಯಾವ ಕಾಲಕ್ಕೆ ಸೇರಿದ್ದು ಎಂಬುದರ ಮೇಲೆ ಹೋಗುತ್ತದೆ. ಅಪರ್ಚರ್ ಬಳೆ ಇರುವ ಹಳೆಯ ಲೆನ್ಸಾದರೆ ಏನೂ ತೊಂದರೆಯಿಲ್ಲ. ಕ್ಯಾನನ್ ಇಎಫ್ ಲೆನ್ಸಾದರೆ ಕಂಡಿ ಪೂರ್ತಿ ತೆರೆದೇ ಇರುತ್ತದೆ, ಇರುವೆಯ ಒಂದು ಮೀಸೆ ಸ್ಪಷ್ಟವಾದರೆ ಇನ್ನೊಂದು ಮಸುಕು. ಬಳೆ ಇಲ್ಲದ ನಿಕಾನ್ ಜಿ ಲೆನ್ಸಿನಲ್ಲಿ ಇದಕ್ಕೆ ಉಲ್ಟಾ: ಕಂಡಿ ತೀರಾ ಕಿರಿದಾಗಿ ಕತ್ತಲೆ. ಮಿರರ್‌ಲೆಸ್‌ನ ಹೊಸ ಲೆನ್ಸುಗಳಲ್ಲಿ ಫೋಕಸ್ ಬಳೆಯೂ ಹೆಚ್ಚಾಗಿ ವಿದ್ಯುತ್ತಿನಿಂದಲೇ ನಡೆಯುವುದರಿಂದ ಕೈಯಿಂದ ತಿರುಗಿಸಿದರೂ ಏನೂ ಆಗುವುದಿಲ್ಲ. ಇಂಥವರು ತಂತಿ ಇರುವ ಟ್ಯೂಬನ್ನೇ ಕೊಳ್ಳಬೇಕು. ಆದರೆ ಕ್ಯಾಮೆರಾ ಕಂಪನಿಯ ಹೆಸರಿರುವುದೇ ಆಗಬೇಕೆಂದಿಲ್ಲ. ಗಾಜಿಲ್ಲದಿರುವಾಗ ಬೇರೆ ತಯಾರಕರ ಟ್ಯೂಬಿನಿಂದ ಚಿತ್ರ ಕೆಡುವ ಭಯವಿಲ್ಲ. ನೋಡಬೇಕಾದದ್ದು ಲೆನ್ಸು ಕೂರುವ ಅಂಚು ಲೋಹದ್ದೇ, ಸಿಕ್ಕಿಸಿದ ಮೇಲೆ ಅಲ್ಲಾಡುತ್ತದೆಯೇ, ಒಳಮೈ ಹೊಳಪಿಲ್ಲದ ಕಪ್ಪಾಗಿದೆಯೇ ಎಂದು. ಒಳಮೈ ಹೊಳೆಯುತ್ತಿದ್ದರೆ ಬೆಳಕು ಅಲ್ಲಿಂದ ಚಿಮ್ಮಿ ಚಿತ್ರ ಪೇಲವವಾಗುತ್ತದೆ. ಪ್ಲಾಸ್ಟಿಕ್ ಅಂಚಿನದನ್ನು ಹಗುರ ಲೆನ್ಸಿಗೆ ಮಾತ್ರ ಇಟ್ಟುಕೊಳ್ಳಿ.

ಎಷ್ಟೇ ಬೆಲೆಯ ಟ್ಯೂಬಾದರೂ ಬೆಳಕಿನ ತೆರಿಗೆ ತಪ್ಪುವುದಿಲ್ಲ. ಪೂರ್ತಿ ಗಾತ್ರದ ಚಿತ್ರದಲ್ಲಿ ಸೆನ್ಸರಿಗೆ ಸಿಗುವುದು ಕಾಲು ಭಾಗ ಬೆಳಕು, ಎಫ್ 8 ಎಂದು ಇಟ್ಟದ್ದು ಎಫ್ 16ರಂತೆ ವರ್ತಿಸುತ್ತದೆ. ಅಷ್ಟು ಮಾಡಿದರೂ 35 ಮಿಲಿಮೀಟರ್ ಫಿಲ್ಮಿನ ಗಾತ್ರದ ಸೆನ್ಸರಿನಲ್ಲಿ ಸ್ಪಷ್ಟವಾಗುವುದು ಸುಮಾರು 1 ಮಿಲಿಮೀಟರ್ ದಪ್ಪದ ಪದರ. ಗಾಳಿಗೆ ಅಲುಗದ ಬೆಳಗಿನ ಹೊತ್ತೇ ಇದಕ್ಕೆ ಸರಿ. 50ರ ಲೆನ್ಸಿನಲ್ಲಿ ಪೂರ್ತಿ ಗಾತ್ರ ಬೇಕೆಂದರೆ ಹುಳು ಲೆನ್ಸಿನ ನಡುಭಾಗದಿಂದ 10 ಸೆಂಟಿಮೀಟರ್ ದೂರದಲ್ಲಿರಬೇಕು. ರಜೆಗೆ ಮಲೆನಾಡಿಗೆ ಹೋದಾಗ ಚಿಗಳಿ ಗೂಡಿನ ಮೇಲೆ ಇದನ್ನು ಪ್ರಯೋಗಿಸುವ ಮೊದಲು ಅಜ್ಜಿಯನ್ನು ಒಂದು ಮಾತು ಕೇಳಿ.

ಊರಿಗೆ ಹೋದಾಗ ಕೇಳಬೇಕಾದ ಇನ್ನೊಂದು ವಿಷಯವಿದೆ. ಒಂದು ಕಾಲಕ್ಕೆ ಭಾರತದಲ್ಲೂ ಬಹಳ ಜನರ ಬಳಿ ಜೆನಿತ್ ಕ್ಯಾಮೆರಾಗಳಿದ್ದವು. ದೊಡ್ಡಪ್ಪನ ಅಲ್ಮೇರಾದಲ್ಲಿ ಒಂದು ಇದ್ದರೂ ಇರಬಹುದು. ಅದರ ಜೊತೆ ಬರುತ್ತಿದ್ದ ಹೀಲಿಯೋಸ್ ಲೆನ್ಸು 58 ಮಿಲಿಮೀಟರಿನದು, ಅಪರ್ಚರ್ ಬಳೆ ಇರುವಂಥದು, ಹೆಚ್ಚಿನವು ಎಂ 42 ತಿರುಪಿನವು. ಅದನ್ನು ಇಂದಿನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಎಂ 42 ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೂರಬೇಕು, ಸೋನಿಯ ಮಿರರ್‌ಲೆಸ್‌ನಲ್ಲಿ ಆ ದೂರ 18. ಕಳೆದರೆ ಉಳಿಯುವುದು 27 ಚಿಲ್ಲರೆ. ಅಡಾಪ್ಟರ್ ಎನ್ನುವುದು ಅಷ್ಟು ಉದ್ದದ ಖಾಲಿ ಟ್ಯೂಬು, ಬೇರೇನೂ ಅಲ್ಲ. ಅದರ ಮೇಲೆ 7–14–28ರ ಹಳೆಯ ಸೆಟ್ಟನ್ನು ಸೇರಿಸಿ. ಮನೆಯವರೆಲ್ಲ ಒಂದು ಹೊತ್ತು ಹೋಟೆಲಿನಲ್ಲಿ ಉಂಡ ಖರ್ಚಿಗಿಂತ ಕಡಿಮೆಗೆ ಪೂರ್ತಿ ಗಾತ್ರದ ಹತ್ತಿರಕ್ಕೆ ಬರಬಹುದು. ಕಂಡಿ ಕಿರಿದಾದಾಗ ಮಿರರ್‌ಲೆಸ್‌ನ ಪರದೆ ತಾನೇ ಚಿತ್ರವನ್ನು ಬೆಳಗಿಸಿ ತೋರಿಸುವುದರಿಂದ ಎಕ್ಸಾಕ್ಟಾ ಕಾಲದ ಕತ್ತಲೆಯ ಕಷ್ಟವೂ ಇಲ್ಲ.

ಹಳೆಯದನ್ನು ತೆಗೆದುಕೊಳ್ಳುವಾಗ ಲೆನ್ಸಿನ ಗಾಜನ್ನು ಟಾರ್ಚು ಹಾಕಿ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯ ಎಳೆಯಂತೆ ಹಬ್ಬಿರುತ್ತದೆ. ಟ್ಯೂಬಿಗೆ ಆ ಪರೀಕ್ಷೆ ಬೇಡ, ಬೂಷ್ಟು ಹಿಡಿಯಲು ಅದರಲ್ಲಿ ಗಾಜೇ ಇಲ್ಲ. ತಿರುಪು ಸವೆಯದೆ ಸಲೀಸಾಗಿ ತಿರುಗಿದರೆ ಆಯಿತು.